ಹನಿ ಮುಳುಗಲಿಲ್ಲ

ಗಾಜಿನ ಲೋಟದಲ್ಲಿ ನೀಲಿ ನೀರು. ಮೈಲುತುತ್ತದ ದ್ರಾವಣ. ಟೆಕ್ನಿಷಿಯನ್ ಹುಡುಗಿ ನನ್ನ ಉಂಗುರ ಬೆರಳಿಗೆ ಚುಚ್ಚಿ, ಸಣ್ಣ ಕೊಳವೆಯಲ್ಲಿ ರಕ್ತ ಹೀರಿ, ಒಂದು ಹನಿಯನ್ನು ಅದರೊಳಗೆ ಬಿಟ್ಟಳು. ಹನಿ ಅರ್ಧ ಇಂಚು ಇಳಿಯಿತು. ನಿಂತಿತು. ಆಮೇಲೆ ನಿಧಾನವಾಗಿ ಮೇಲೆ ಬಂದು ತೇಲತೊಡಗಿತು.

ಅದು ಮುಳುಗಬೇಕಿತ್ತು. ಹದಿನೈದು ಸೆಕೆಂಡಿನೊಳಗೆ ತಳ ಸೇರಿದರೆ ಹಿಮೋಗ್ಲೋಬಿನ್ ಕನಿಷ್ಠ 12.5 ಇದೆ, ರಕ್ತದಾನ ಮಾಡಬಹುದು ಅಂತ ಲೆಕ್ಕ. ಹುಡುಗಿ ಇನ್ನೊಂದು ಸಲ ಸಣ್ಣ ಯಂತ್ರದಲ್ಲೂ ನೋಡಿದಳು. 11.2. "ಮೇಡಂ, ನಿಮ್ಮದು ಆಗುವುದಿಲ್ಲ" ಎಂದಳು. ಮೆಲ್ಲಗೇ ಹೇಳಿದಳು, ಪಾಪ. ಆದರೆ ನನ್ನ ಹಿಂದೆ ಸಾಲಿನಲ್ಲಿ ನಮ್ಮ ವಾಡೊದವರೇ, ಅಂದರೆ ನಮ್ಮ ಕೇರಿಯವರೇ, ಹನ್ನೆರಡು ಮಂದಿ ನಿಂತಿದ್ದರು. ಅವರನ್ನೆಲ್ಲ ಮನೆಮನೆಗೆ ಹೋಗಿ ಕರೆತಂದವಳು ನಾನು.

ನಮ್ಮದು ಉಡುಪಿ ಜಿಲ್ಲೆಯ ಒಂದು ಹಳ್ಳಿಯ ಇಗರ್ಜಿ, ಅಂದರೆ ಚರ್ಚು. ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಟೀಚರ್, ಹಾಗಾಗಿ ಊರಿಗೆಲ್ಲ 'ಟೀಚರ್'. ಇಲ್ಲಿ ಬರುವ ಮಾತೆಲ್ಲ ನಡೆದದ್ದು ಕೊಂಕಣಿಯಲ್ಲಿ, ಬರೆಯುವುದು ಮಾತ್ರ ನನಗೆ ಕನ್ನಡದಲ್ಲೇ ಬರುವುದು.

ಇದು ಶುರುವಾದದ್ದು ಮಾವನಿಂದ. ಮೇ ತಿಂಗಳು. ಹೊಟ್ಟೆಯೊಳಗಿನ ಹುಣ್ಣು ಒಡೆದು ರಕ್ತ ಹೋಗಿ ಮಾವನ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಮೂರು ಯುನಿಟ್ ಹಾಕಬೇಕು, ನಿಮ್ಮ ಕಡೆಯಿಂದ ಮೂವರನ್ನು ಕರೆತನ್ನಿ ಎಂದರು ಆಸ್ಪತ್ರೆಯಲ್ಲಿ. ಹೀಗೆ ಬದಲಿ ರಕ್ತ ಕೇಳುವ ಪದ್ಧತಿ ನಿಲ್ಲಬೇಕು, ರಕ್ತ ಸ್ವಯಂಪ್ರೇರಿತ ದಾನಿಗಳಿಂದಲೇ ಬರಬೇಕು ಎಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳುತ್ತದೆ. ಅದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಿದ್ದರೂ ಬೆಳಿಗ್ಗೆ ಆರು ಗಂಟೆಗೆ ಕೌಂಟರಿನಲ್ಲಿ ನಿಂತು ವಾದ ಮಾಡುವ ಧೈರ್ಯ ಇರುತ್ತಿರಲಿಲ್ಲ.

ಗಂಡ ಫೋನ್ ಮಾಡಿದರು. ಐದು ಮಂದಿ ಬಂದರು, ಒಂದೇ ವ್ಯಾನಿನಲ್ಲಿ, ಒಂದು ಗಂಟೆಯೊಳಗೆ. ಆದರೆ ಹಿಂದಿನ ರಾತ್ರಿ ನಮ್ಮ ವಾಡೊದಲ್ಲಿ ಒಂದು ರೋಸ್ ಇತ್ತು. ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಾಲು ಹಚ್ಚುವುದು ಮದುಮಗನಿಗೆ, ಉಳಿದವರಿಗೆ ಬೇರೆ ಸಮಾರಾಧನೆ. ಮೂವರನ್ನು ಬಾಯಿ ವಾಸನೆಗೇ ವಾಪಸ್ ಕಳಿಸಿದರು. ನಾಲ್ಕನೆಯವರಿಗೆ 66 ವರ್ಷ, ಮಿತಿ 65. ಉಳಿದದ್ದು ಒಬ್ಬ.

ಇನ್ನಿಬ್ಬರು ಎಲ್ಲಿಂದ ಬಂದರು ಗೊತ್ತಾ? ಆಸ್ಪತ್ರೆಯ ಎದುರಿನ ರಿಕ್ಷಾ ಸ್ಟ್ಯಾಂಡಿನಿಂದ. ಸೆಕ್ಯುರಿಟಿಯವನು ಹೋಗಿ ಕರೆದ, ಅವರು ಬಂದರು, ಮಲಗಿದರು, ಕೊಟ್ಟರು. ನಾನು ಪರ್ಸ್ ತೆಗೆದಾಗ ಒಬ್ಬ ನಕ್ಕು, "ಇದೊಂದಕ್ಕೆ ಮೀಟರ್ ಇಲ್ಲಕ್ಕಾ" ಎಂದ. ಒಂದು ಲಿಂಬೆ ಜ್ಯೂಸ್ ಮಾತ್ರ ಕುಡಿದರು.

ಮಾವ ಹತ್ತು ದಿನದಲ್ಲಿ ಮನೆಗೆ ಬಂದರು. ನನಗೆ ಆ ಜ್ಯೂಸಿನ ಲೋಟ ಕಣ್ಣಿಂದ ಹೋಗಲಿಲ್ಲ. ನಾನೂರು ಕುಟುಂಬ ಇರುವ ಇಗರ್ಜಿ ನಮ್ಮದು. ಹಬ್ಬಕ್ಕೆ ಬ್ಯಾಂಡ್ ತರಿಸುತ್ತೇವೆ, ಲೈಟಿಂಗ್ ಮಾಡಿಸುತ್ತೇವೆ. ಬೇಕಾದಾಗ ಕೊಡಲು ತಯಾರಿದ್ದವರು ಮಾತ್ರ ಒಬ್ಬರು.

ಇಗರ್ಜಿಯಲ್ಲೇ ಒಂದು ರಕ್ತದಾನ ಶಿಬಿರ ಮಾಡೋಣ ಎಂದು ಫಾದರ್ ಹತ್ತಿರ ಹೋಗಿ ಹೇಳಿದೆ. ಅವರಿಗೆ ಸಂತೋಷವಾಯಿತು. ಎರಡು ಭಾನುವಾರ ಪ್ರವಚನದಲ್ಲೇ ಹೇಳಿದರು. "ಇದು ನಿಮಗಾಗಿ ಸುರಿಸಲಾಗುವ ನನ್ನ ರಕ್ತ" ಎಂಬ ಮಾತನ್ನು ಹಿಡಿದುಕೊಂಡು ಚೆನ್ನಾಗಿಯೇ ಹೇಳಿದರು. ಹಿಂದಿನ ಬೆಂಚಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ಹೆಸರು ಬರೆಸಲು ನೋಟ್‌ಬುಕ್ ಇಟ್ಟೆವು.

ಎರಡು ವಾರದಲ್ಲಿ ಏಳು ಹೆಸರು. ಅದರಲ್ಲಿ ಒಂದು ನನ್ನದು, ಒಂದು ಫಾದರದ್ದು.

'ನೀವೆಲ್ಲರೂ' ಅಂದರೆ ಯಾರೂ ಅಲ್ಲ. ಇದು ನಲವತ್ತು ಮಕ್ಕಳ ತರಗತಿಯಲ್ಲಿ ನನಗೆ ದಿನಾ ಕಾಣುವ ವಿಷಯ. 'ಎಲ್ಲರೂ ಬೋರ್ಡ್ ಒರೆಸಿ' ಅಂದರೆ ಯಾರೂ ಏಳುವುದಿಲ್ಲ. ಇಗರ್ಜಿಯಲ್ಲಿ ಯಾಕೆ ಹೊಳೆಯಲಿಲ್ಲವೋ!

ದಾರಿ ತೋರಿಸಿದ್ದು ನಮ್ಮ ಗುರ್ಕಾರ್. ಪ್ರತಿ ವಾಡೊಗೆ ಒಬ್ಬ ಗುರ್ಕಾರ್ ಇರುತ್ತಾರೆ. ಸಾವು, ಮದುವೆ, ಜಗಳ, ಮೂರಕ್ಕೂ ಮೊದಲು ಬಾಗಿಲಿಗೆ ಬರುವವರು. ನಮ್ಮವರು ಟೈಲರ್. ನೋಟ್‌ಬುಕ್ ನೋಡಿ, "ಟೀಚರ್, ಹಬ್ಬದ ವಂತಿಗೆಗೆ ನಾವು ಹೀಗೆ ಪುಸ್ತಕ ಇಟ್ಟು ಕಾಯುತ್ತೇವಾ? ಮನೆಗೆ ಹೋಗ್ತೇವಲ್ಲ" ಎಂದರು. ಸರಿ, ಹೊರಟೆವು. ಅವರು, ನಾನು, ಯುವ ಸಂಘಟನೆಯ ಇಬ್ಬರು ಮಕ್ಕಳು. ಬೇರೆ ವಾಡೊಗಳಲ್ಲಿ ಅಲ್ಲಿಯ ಗುರ್ಕಾರರು.

ಮೊದಲು ದಿನ ಗೊತ್ತು ಮಾಡಬೇಕಿತ್ತು. ರಕ್ತ ಕೇಂದ್ರದ ಅಧಿಕಾರಿ ಏಪ್ರಿಲ್-ಮೇ ಕೇಳಿದರು. ರಕ್ತ ಹೆಚ್ಚಾಗಿ ಸಿಗುವುದು ಕಾಲೇಜು ಮಕ್ಕಳಿಂದ, ಬೇಸಿಗೆಯಲ್ಲಿ ಕಾಲೇಜು ಮುಚ್ಚುತ್ತದೆ, ಆಪರೇಷನ್‌ಗಳು ನಿಲ್ಲುವುದಿಲ್ಲ. ಮುಂಚೆಯೇ ಜಾಸ್ತಿ ತೆಗೆದಿಟ್ಟುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. ಕೆಂಪು ಕಣ 42 ದಿನ ಬಾಳುತ್ತದೆ. ಪ್ಲೇಟ್‌ಲೆಟ್ ಬರೀ 5 ದಿನ, ಅದೂ ಅಲುಗಾಡಿಸುತ್ತಲೇ ಇಡಬೇಕು. ನಮ್ಮ ಕಡೆ ನೋಡಿದರೆ ಈಸ್ಟರ್‌ವರೆಗೆ ತಪಸ್ಸು ಕಾಲ, ಉಪವಾಸ. ಈಸ್ಟರ್ ಆದ ಮೇಲೆ ಮದುವೆಗಳ ಸಾಲು, ರೋಸ್‌ಗಳ ಸಾಲು. ಮಳೆಗಾಲ ಬಂದರೆ ಜ್ವರ. ಕೊನೆಗೆ ಈಸ್ಟರ್‌ನ ಮರುಭಾನುವಾರವನ್ನು ಆರಿಸಿದೆವು. 2000ನೇ ಇಸವಿಯಿಂದ ಪೋಪ್ ಎರಡನೇ ಜಾನ್ ಪೌಲ್ ಅದನ್ನು ದೈವೀ ಕರುಣೆಯ ಭಾನುವಾರ ಮಾಡಿದ್ದಾರೆ. ದೈವೀ ಕರುಣೆಯ ಚಿತ್ರದಲ್ಲಿ ಯೇಸುವಿನ ಎದೆಯಿಂದ ಎರಡು ಕಿರಣ ಹೊರಡುತ್ತವೆ, ಒಂದು ಬಿಳಿ, ಒಂದು ಕೆಂಪು. ನೀರು ಮತ್ತು ರಕ್ತ. ಫಾದರ್‌ಗೆ ಅದು ಹಿಡಿಸಿತು. ಗುರ್ಕಾರ್‌ಗೆ ಹಿಡಿಸಿದ್ದು ಬೇರೆ. "ಅಷ್ಟರಲ್ಲಿ ಎಲ್ಲರ ಹೊಟ್ಟೆಗೂ ಒಂದು ವಾರ ಪೋರ್ಕ್ ಬಾಫತ್ ಬಿದ್ದಿರುತ್ತದೆ, ಸ್ವಲ್ಪ ಗಟ್ಟಿಯಾಗಿರುತ್ತಾರೆ."

ಮನೆಮನೆಯ ತಿರುಗಾಟ ಮೂರು ವಾರ ನಡೆಯಿತು. ಅದರ ಕತೆ ಹೇಳದಿದ್ದರೆ ಹೇಗೆ!

ಒಬ್ಬರು ಹಿರಿಯ ಅಂಕಲ್ ಬೈಬಲ್ ತೆರೆದಿಟ್ಟುಕೊಂಡೇ ಕೂತಿದ್ದರು. "ಯಾಜಕಕಾಂಡ 17ನೇ ಅಧ್ಯಾಯ ಓದಿದ್ದೀರಾ ಟೀಚರ್? ಪ್ರಾಣ ಇರುವುದು ರಕ್ತದಲ್ಲಿ." ಅದು ರಕ್ತ ತಿನ್ನಬಾರದು ಎಂಬ ಕಟ್ಟಳೆ, ಕೊಡಬಾರದು ಎಂದು ಎಲ್ಲೂ ಇಲ್ಲ ಎಂದು ಫಾದರ್ ಹೇಳಿಕೊಟ್ಟಿದ್ದನ್ನು ಹೇಳಿದೆ. ಅಂಕಲ್ ಒಪ್ಪಲಿಲ್ಲ. ಅರ್ಧ ಗಂಟೆ ವಾದ. ಆಗ ಒಳಗಿನಿಂದ ಆಂಟಿಯ ಧ್ವನಿ: "ಕ್ರಿಸ್ಮಸ್‌ಗೆ ಹಂದಿ ರಕ್ತ ಹಾಕಿದ ಸೊರ್ಪೊತೆಲ್ ಎರಡೆರಡು ಸಲ ಬಡಿಸಿಕೊಂಡವರು ಯಾರು ಅಂತ ಕೇಳಿ ಟೀಚರ್." ಅಂಕಲ್ ಬೈಬಲ್ ಮುಚ್ಚಿದರು. ಎದ್ದು ಹೊರಟಾಗ ಗುರ್ಕಾರ್ ಸುಮ್ನೆ ವಯಸ್ಸು ಕೇಳಿದರು. 71. ಕೊಡುತ್ತೇನೆ ಎಂದರೂ ತೆಗೆದುಕೊಳ್ಳುತ್ತಿರಲಿಲ್ಲ! ಆದರೆ ಅವರ ಇಬ್ಬರು ಗಂಡುಮಕ್ಕಳೂ ಬಂದರು.

ತಾಯಂದಿರ ಹೆದರಿಕೆ ಒಂದೇ. ಮಗ ಸಣಕಲ, ಒಂದು ಬಾಟಲಿ ತೆಗೆದರೆ ತುಂಬಿಕೊಳ್ಳಲು ವರ್ಷ ಬೇಕು. ಮೈಯಲ್ಲಿ ಐದು ಲೀಟರ್ ಆಸುಪಾಸು ರಕ್ತ ಇರುತ್ತದೆ, ತೆಗೆಯುವುದು 350 ಎಂಎಲ್, ತೂಕ ಜಾಸ್ತಿ ಇದ್ದರೆ 450. ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ಕಣಕ್ಕೆ ಕೆಲವು ವಾರ. ಅದಕ್ಕೇ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಬಿಡುವು. ಇಷ್ಟನ್ನು ಎಷ್ಟು ಸಲ ಹೇಳಿದೆನೆಂದರೆ, ಮೂರನೇ ವಾರಕ್ಕೆ ಜೊತೆಗಿದ್ದ ಮಕ್ಕಳೇ ಮಗ್ಗಿಯಂತೆ ಹೇಳತೊಡಗಿದರು.

"ಅವರು ಮಾರುತ್ತಾರಲ್ಲ?" ಎಂಬ ಪ್ರಶ್ನೆ ಮಾತ್ರ ನನ್ನನ್ನು ಕಾಡಿತು, ಯಾಕೆಂದರೆ ಮಾವನ ಬಿಲ್ಲಿನಲ್ಲಿ ನಾನೇ ದುಡ್ಡು ಕಟ್ಟಿದ್ದೆ. ರಕ್ತ ಕೇಂದ್ರದ ಅಧಿಕಾರಿಯನ್ನೇ ಕೇಳಿದೆ. ರಕ್ತಕ್ಕೆ ಬೆಲೆ ಇಲ್ಲ, ದುಡ್ಡಿಗೆ ರಕ್ತ ಕೊಡುವುದನ್ನು 1998ರ ಜನವರಿ 1ರಿಂದಲೇ ಸುಪ್ರೀಂ ಕೋರ್ಟ್ ಆದೇಶದ ಮೇಲೆ ನಿಲ್ಲಿಸಲಾಗಿದೆ, ತೆಗೆದುಕೊಳ್ಳುವುದು ಚೀಲ, ಪರೀಕ್ಷೆ, ಬೇರ್ಪಡಿಸುವಿಕೆಯ ಖರ್ಚು ಎಂದರು. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಲೇಬೇಕಂತೆ. ಅದನ್ನೇ ಜನರಿಗೆ ಹೇಳಿದೆ. ಕೆಲವರು ನಂಬಿದರು, ಕೆಲವರು ಇಲ್ಲ.

ಕುವೈತ್‌ನಿಂದ ರಜೆಗೆ ಬಂದವರೊಬ್ಬರು ಬಾಗಿಲಲ್ಲೇ, "ನಾನು ಅಲ್ಲಿ ನಾಲ್ಕು ಸಲ ಕೊಟ್ಟಿದ್ದೇನೆ ಟೀಚರ್. ಇಲ್ಲಿ ಯಾರೂ ಕೇಳಲೇ ಇಲ್ಲ" ಎಂದರು. ಅವರ ಹೆಸರು ಬರೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಒಂದು ಮನೆಯಲ್ಲಿ ನಾನು ತಪ್ಪು ಮಾಡಿದೆ. ನನ್ನದೇ ಪ್ರಾಯದವಳು, ಕಾಯಿರ್‌ನಲ್ಲಿ, ಅಂದರೆ ಇಗರ್ಜಿಯ ಹಾಡುವ ತಂಡದಲ್ಲಿ, ನನ್ನ ಪಕ್ಕ ನಿಲ್ಲುವವಳು. ಬೇಡ ಎಂದಳು. ಯಾಕೆ ಎಂದೆ. ಸುಮ್ನೆ ಬೇಡ ಎಂದಳು. ಸೂಜಿ ಹೆದರಿಕೆಯಾ, ತೂಕ ಕಮ್ಮಿಯಾ, ಮಾತ್ರೆ ತಗೊಳ್ತೀಯಾ ಎಂದು ನಾನು ಒಂದೊಂದೇ ಕೇಳುತ್ತ ಹೋದೆ. ಅವಳ ಅತ್ತೆ ಅಲ್ಲೇ ಕೂತಿದ್ದರು. ಅವಳ ಮುಖ ಬಿಳಿಚಿಕೊಂಡಿತು. ಗುರ್ಕಾರ್ ನನ್ನ ಮಾತನ್ನು ಅರ್ಧಕ್ಕೇ ತಡೆದು, "ಆಯ್ತು, ಬರ್ತೇವೆ" ಎಂದು ಎದ್ದರು. ಗೇಟು ದಾಟಿದ ಮೇಲೆ ಹೇಳಿದರು: "ಒಂದು ಸಲ ಕೇಳಬೇಕು ಟೀಚರ್. ಚೀಟಿ ಕೊಡಬೇಕು. ಹೊರಡಬೇಕು. ಕಾರಣ ಕೇಳಬಾರದು. ಸಾಲ ವಾಪಸ್ ಕೇಳಲು ಬಂದವರ ಹಾಗೆ ಆಗ್ತದೆ."

ಮುಂದಿನ ಭಾನುವಾರ ಅವಳು ಕಾಯಿರ್‌ನಲ್ಲಿ ಜಾಗ ಬದಲಿಸಿದ್ದಳು.

ಶಿಬಿರದ ದಿನ ಬಂತು. ಪಟ್ಟಿಯಲ್ಲಿ 64 ಹೆಸರು. ಎಂಟು ಗಂಟೆಯ ಪೂಜೆ ಮುಗಿದ ತಕ್ಷಣ ಹಾಲ್‌ನಲ್ಲಿ ಶುರು ಎಂದು ನಿಗದಿ ಮಾಡಿದ್ದೆವು, ಜನ ಹೇಗೂ ಬಂದಿರುತ್ತಾರಲ್ಲ ಎಂದು. ಅದೇ ಎಡವಟ್ಟಾಯಿತು. ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದು ಎನ್ನುವುದು 1964ರಿಂದ ಇರುವ ನಿಯಮ. ಅದಕ್ಕೂ ಹಿಂದೆ ಮಧ್ಯರಾತ್ರಿಯಿಂದಲೇ ಉಪವಾಸ ಇತ್ತು, ಮೂರು ಗಂಟೆಯದೂ ಇತ್ತು. ಹಳೆ ಮನೆಗಳಲ್ಲಿ ಈಗಲೂ ಹಳೆಯದೇ ನಡೆಯುತ್ತದೆ, ಮಕ್ಕಳೂ ಅದನ್ನೇ ಪಾಲಿಸುತ್ತಾರೆ. ಹಾಗಾಗಿ ಬಂದವರಲ್ಲಿ ಅರ್ಧ ಮಂದಿ ಖಾಲಿ ಹೊಟ್ಟೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬಾರದು ಎನ್ನುವುದು ನಮ್ಮ ಚೀಟಿಯಲ್ಲೇ ಬರೆದಿತ್ತು. ಓದಿದವರು ಯಾರು?

ಡಾಕ್ಟರ್ ಕೇಳಿದರು, ಕೆಲವರು ತಿಂದಿದ್ದೇವೆ ಎಂದು ಸುಳ್ಳು ಹೇಳಿದರು. ಮೊದಲು ಬಿದ್ದದ್ದು ತೆಂಗಿನ ಮರ ಹತ್ತುವ ಹುಡುಗ, ನಮ್ಮ ಊರಿನಲ್ಲೇ ಗಟ್ಟಿಮುಟ್ಟಾದವನು. ಕೊಡುವಾಗ ಏನೂ ಇಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟ, ಬೆವರಿದ, ಕುಸಿದ. ನರ್ಸ್ ಓಡಿ ಬಂದು ಮಲಗಿಸಿ, ಕಾಲನ್ನು ಕುರ್ಚಿಯ ಮೇಲೆತ್ತಿಟ್ಟರು. ಎರಡು ನಿಮಿಷಕ್ಕೆ ಕಣ್ಣು ಬಿಟ್ಟು, "ಎಷ್ಟು ಎತ್ತರದಿಂದ ಬಿದ್ದೆ?" ಎಂದ. ಎಲ್ಲರೂ ನಕ್ಕೆವು, ಆದರೆ ಸಾಲಿನಿಂದ ಮೂವರು ಮೆಲ್ಲಗೆ ಜಾರಿಕೊಂಡದ್ದನ್ನು ನಾನು ನೋಡಿದೆ. ಡಾಕ್ಟರ್ ಅವನಿಗೆ, "ಇವತ್ತು, ನಾಳೆ ಮರ ಹತ್ತಬೇಡ" ಎಂದು ಮೂರು ಸಲ ಹೇಳಿದರು. ಗುರ್ಕಾರ್ ಸ್ಕೂಟರ್ ತೆಗೆದುಕೊಂಡು ಹೋಗಿ ಹೋಟೆಲಿನಲ್ಲಿದ್ದ ಬನ್ಸ್ ಅಷ್ಟನ್ನೂ ತಂದರು.

ಅದಕ್ಕಿಂತ ದೊಡ್ಡ ತಪ್ಪು ಬಾಗಿಲಲ್ಲೇ ನಡೆಯುತ್ತಿತ್ತು. ಬಂದವರ ಫಾರ್ಮ್ ತುಂಬಲು ಯುವಕರನ್ನು ಮೇಜು ಹಾಕಿ ಕೂರಿಸಿದ್ದೆವು. ಹೆಸರು, ವಯಸ್ಸು, ತೂಕದವರೆಗೆ ಸರಿ. ಕೆಳಗೆ ಕಾಯಿಲೆಗಳ ಪಟ್ಟಿ, ಅದರ ಕೆಳಗೆ ಸಂಬಂಧಗಳ ಬಗ್ಗೆ ಪ್ರಶ್ನೆ. ಇಪ್ಪತ್ತರ ಹುಡುಗ ತನ್ನ ಪಕ್ಕದ ಮನೆಯ ಆಂಟಿಯನ್ನು ಅದನ್ನೆಲ್ಲ ಜೋರಾಗಿ ಕೇಳುತ್ತಿದ್ದ, ಪಾಪ, ಶ್ರದ್ಧೆಯಿಂದಲೇ. ಕೌನ್ಸೆಲರ್ ಹೆಂಗಸು ಬಂದು ಪೆನ್ನನ್ನೇ ಕಿತ್ತುಕೊಂಡರು. "ಇದು ನೀವು ಕೇಳುವ ಪ್ರಶ್ನೆ ಅಲ್ಲ. ನನಗೊಂದು ಬಾಗಿಲು ಇರುವ ಕೋಣೆ ಕೊಡಿ." ಧರ್ಮೋಪದೇಶದ ತರಗತಿ ನಡೆಯುವ ಕೋಣೆಯನ್ನು ಬಿಟ್ಟುಕೊಟ್ಟೆವು. ಒಬ್ಬೊಬ್ಬರೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಮಾತಾಡಿ ಬಂದರು. ಪಾಪನಿವೇದನೆಗೆ ಪರದೆ ಹಾಕಿದ ಪೆಟ್ಟಿಗೆಯನ್ನೇ ಮಾಡಿಟ್ಟುಕೊಂಡ ಜನ ನಾವು. ಇದಕ್ಕೂ ಒಂದು ಬಾಗಿಲು ಬೇಕು ಎಂದು ನಮಗೆ ಹೊಳೆಯಲಿಲ್ಲ. ಕಾಯಿರ್‌ನ ಗೆಳತಿಯ ಬಿಳಿಚಿದ ಮುಖ ಆಗ ಸರಿಯಾಗಿ ನೆನಪಾಯಿತು.

ಬಂದವರು 49. ಕೊಟ್ಟವರು 33. ವಾಪಸ್ ಹೋದ 16 ಮಂದಿಯಲ್ಲಿ ಮೂವರಿಗೆ ಬಿಪಿ, ಇಬ್ಬರಿಗೆ ಹಿಂದಿನ ರಾತ್ರಿಯ ಬಾಟಲಿ, ಒಬ್ಬರಿಗೆ ಜ್ವರದ ಮಾತ್ರೆ. ಇನ್ನೊಬ್ಬ ಹುಡುಗ ನಾಲ್ಕು ತಿಂಗಳ ಹಿಂದೆ ಕೈಮೇಲೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡಿದ್ದ, ಹಚ್ಚೆಗೆ ಒಂದು ವರ್ಷ ಕಾಯಬೇಕು. "ಶಿಲುಬೆಗೂ ಇಲ್ವಾ?" ಎಂದು ಕೇಳಿದನಂತೆ. ಉಳಿದ ಒಂಬತ್ತು ಮಂದಿಗೆ ಹಿಮೋಗ್ಲೋಬಿನ್ ಕಮ್ಮಿ. ಒಂಬತ್ತರಲ್ಲಿ ಎಂಟು ಹೆಂಗಸರು. ಅದರಲ್ಲಿ ಒಬ್ಬಳು ನಾನು.

ಹನಿ ತೇಲಿದ ಮೇಲೆ ಹಾಲ್‌ನ ಆ ತುದಿಯಿಂದ ಈ ತುದಿಗೆ ನಡೆದು ಬರುವುದಿದೆಯಲ್ಲ, ಅದು ನನಗೆ ಮರೆಯುವುದಿಲ್ಲ. ಕೊಟ್ಟವರ ತೋಳಿಗೆ ಹತ್ತಿಯ ಪಟ್ಟಿ, ಕೈಯಲ್ಲಿ ಬಾಳೆಹಣ್ಣು, ಜ್ಯೂಸು, ಸರ್ಟಿಫಿಕೇಟು. ಕೊಡದವರ ಕೈ ಖಾಲಿ. ಯಾರಾದರೂ ನೋಡಿದರೆ ಗೊತ್ತಾಗುತ್ತದೆ. "ಏನಾಯ್ತು ಟೀಚರ್?" ಎಂದು ನಾಲ್ವರು ಕೇಳಿದರು. ಐದನೆಯವರು ಕೇಳಲಿಲ್ಲ, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಸಾಯಂಕಾಲದೊಳಗೆ ನನಗೆ ಏನೋ ದೊಡ್ಡ ಕಾಯಿಲೆ ಎಂದು ಸುದ್ದಿ ಪಕ್ಕದ ವಾಡೊ ಸೇರಿತ್ತು. ಊರೆಂದರೆ ಹಾಗೇ, ಅಲ್ವಾ?

ಮರುದಿನ ಕಾನ್ವೆಂಟಿನಲ್ಲಿ ನರ್ಸ್ ಆಗಿರುವ ಸಿಸ್ಟರ್ ಹತ್ತಿರ ಹೋದೆ. ಅವರು ಬೈದರು. "ಮಕ್ಕಳಿಗೆ ಬಡಿಸಿ ಉಳಿದದ್ದು ತಿನ್ನುತ್ತೀ. ಊಟ ಆದ ತಕ್ಷಣ ಟೀ ಕುಡಿಯುತ್ತೀ. ಹಿಮೋಗ್ಲೋಬಿನ್ ಎಲ್ಲಿಂದ ಬರಬೇಕು?" 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ ಇದೆಯಂತೆ. ಸಮೀಕ್ಷೆಯಲ್ಲಿ ಓದಿದ್ದರೆ ನಾನು ಮರೆತುಬಿಡುತ್ತಿದ್ದೆ. ನಮ್ಮದೇ ಹಾಲ್‌ನಲ್ಲಿ ಎಂಟು ಹನಿಗಳು ತೇಲಿದ್ದನ್ನು ಮರೆಯಲಾಗಲಿಲ್ಲ. ಕಬ್ಬಿಣದ ಮಾತ್ರೆ ಶುರು ಮಾಡಿದೆ. ಟೀಯನ್ನು ಊಟದಿಂದ ದೂರ ಸರಿಸಿದೆ. ನುಗ್ಗೆ ಸೊಪ್ಪು ಹಿತ್ತಲಲ್ಲೇ ಇತ್ತು. ಮಾತ್ರೆಯಿಂದ ಹೊಟ್ಟೆ ಕಟ್ಟುತ್ತಿತ್ತು, ಎರಡು ಸಲ ಬಿಟ್ಟೆ, ಎರಡು ಸಲವೂ ಸಿಸ್ಟರ್ ಕೈಗೆ ಸಿಕ್ಕಿಬಿದ್ದೆ.

ಮುಂದಿನ ವರ್ಷಕ್ಕೆ ನಾವು ಕೆಲವನ್ನು ಬದಲಿಸಿದೆವು. ಶಿಬಿರಕ್ಕೆ ಮೂರು ತಿಂಗಳು ಮೊದಲೇ ಸಿಸ್ಟರ್ ವಾಡೊ ವಾಡೊಗೆ ಹೋಗಿ ಹೆಂಗಸರ ಹಿಮೋಗ್ಲೋಬಿನ್ ನೋಡಿದರು. ಕಮ್ಮಿ ಇದ್ದವರಿಗೆ ಆರೋಗ್ಯ ಕೇಂದ್ರದಿಂದ ಮಾತ್ರೆ. ಪೂಜೆಗೂ ಶಿಬಿರಕ್ಕೂ ನಡುವೆ ಮುಕ್ಕಾಲು ಗಂಟೆ ತಿಂಡಿ, ಇಡ್ಲಿ ತಿಂದವರಿಗೇ ಫಾರ್ಮ್. ಕೌನ್ಸೆಲರ್‌ಗೆ ಮೊದಲೇ ಕೋಣೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆಯಿಂದ ಹೊರಬಂದವರಿಗೆ, ಕೊಟ್ಟಿರಲಿ ಬಿಡಲಿ, ಒಂದೇ ಬಾಳೆಹಣ್ಣು, ಒಂದೇ ಜ್ಯೂಸು. ಸರ್ಟಿಫಿಕೇಟನ್ನು ಅಲ್ಲಿ ಕೊಡದೆ ಮನೆಗೆ ಮುಟ್ಟಿಸುವುದು. ಈ ಕೊನೆಯದನ್ನು ಸೂಚಿಸಿದ್ದು ಗುರ್ಕಾರ್, ಆದರೆ ಅವರು ನನ್ನ ಮುಖ ನೋಡಿಯೇ ಸೂಚಿಸಿದ್ದು ಎಂದು ನನಗೆ ಗೊತ್ತು.

ಈ ಸಲ ತಿಂಡಿ ಮತ್ತು ಹಣ್ಣಿನ ಮೇಜಿಗೆ ಯಾರು ಎಂದು ಮೀಟಿಂಗಿನಲ್ಲಿ ಕೇಳಿದಾಗ ಕಾಯಿರ್‌ನ ಗೆಳತಿ ಕೈ ಎತ್ತಿದಳು. ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನ ಸರದಿ ಬಂತು. ಅದೇ ನೀಲಿ ಲೋಟ. ಹನಿ ಇಳಿಯಿತು. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ, ಆರಕ್ಕೆ ಅದು ತಳದಲ್ಲಿತ್ತು. ಮಲಗಿ ರಬ್ಬರ್ ಚೆಂಡನ್ನು ಹಿಸುಕಿದೆ. ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಂತಿರುತ್ತದೆ ಎಂದು ಮನೆಮನೆಯಲ್ಲಿ ಹೇಳಿದ್ದೆ. ಸುಳ್ಳು, ಕೆಂಜಿಗ ಕಚ್ಚಿದಂತಿತ್ತು. ಏಳೆಂಟು ನಿಮಿಷ ಅಷ್ಟೆ. ಮುಗಿದ ಮೇಲೆ ಟೆಕ್ನಿಷಿಯನ್ ಚೀಲವನ್ನು ಒಂದು ಕ್ಷಣ ನನ್ನ ಅಂಗೈಗೆ ತಾಗಿಸಿದಳು. ಬಿಸಿ ಇತ್ತು. ಆಗಷ್ಟೇ ಕರೆದ ಹಾಲಿನ ಚೊಂಬು ಹಿಡಿದ ಹಾಗೆ. ನನಗೆ ಯಾಕೋ ರಿಕ್ಷಾದವನ ಜ್ಯೂಸಿನ ಲೋಟ ನೆನಪಾಯಿತು.

ಎದ್ದು ಮೇಜಿನ ಕಡೆ ಹೋದೆ. ಗೆಳತಿ ಕುರ್ಚಿ ಎಳೆದು ಹಾಕಿದಳು. ಬಾಳೆಹಣ್ಣನ್ನು ತಾನೇ ಸುಲಿದು ಕೈಗೆ ಕೊಟ್ಟಳು.

"ಕೂತ್ಕೋ" ಎಂದಳು. "ಹದಿನೈದು ನಿಮಿಷದೊಳಗೆ ಎದ್ದೆಯೋ, ನೋಡು."

ಕೂತೆ.